ಅಧ್ಯಕ್ಷೆ ಇಂದ್ರಮ್ಮನ ಮೀಸೆ

ಸಣ್ಣಬೋರನಕೊಪ್ಪಲು ಪಂಚಾಯ್ತಿಗೆ ಇಂದ್ರಮ್ಮ ಅಧ್ಯಕ್ಷೆಯಾಗಿ ಒಂದೂವರೆ ವರ್ಷ ಕಳೆದಿದ್ದರೂ ಅಧ್ಯಕ್ಷರ ಕುರ್ಚಿ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಅವಳಿಗೆ ಗೊತ್ತಿರಲಿಲ್ಲ. ಅದರಲ್ಲಿ ಕೂರುತ್ತಿದ್ದವನು ಅವಳ ಗಂಡ ಚಲುವರಾಜು. ಮೀಸಲಾತಿ ಪಟ್ಟಿಯಲ್ಲಿ ಅಧ್ಯಕ್ಷ ಸ್ಥಾನ ‘ಸಾಮಾನ್ಯ ಮಹಿಳೆ’ ಎಂದು ಬಂದ ದಿನ ಚಲುವರಾಜು ಮೂರು ಹೊತ್ತು ಊಟ ಬಿಟ್ಟಿದ್ದ. ನಾಲ್ಕನೆಯ ಹೊತ್ತಿಗೆ, ಮುದ್ದೆ ಬಡಿಸಲು ಬಂದವಳನ್ನು ನೋಡಿ, ತನ್ನ ಮನೆಯಲ್ಲೇ ಒಬ್ಬ ಸಾಮಾನ್ಯ ಮಹಿಳೆ ಇದ್ದಾಳೆಂಬುದು ಅವನಿಗೆ ಹೊಳೆಯಿತು. ಆಮೇಲೆ ಎರಡು ಮುದ್ದೆ ಉಂಡ.

ಸಭೆ ನಡೆಯುವಾಗ ಇಂದ್ರಮ್ಮ ಬಾಗಿಲ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು. ಪಿಡಿಒ ರಾಜೇಂದ್ರ ನಡಾವಳಿ ಪುಸ್ತಕವನ್ನು ಮೊದಲು ಚಲುವರಾಜುವಿಗೆ ಹಿಡಿದು, ಅವನು ಹುಂ ಎಂದ ಮೇಲೆ ಅದನ್ನು ಸ್ಟೂಲಿನ ಹತ್ತಿರ ತಂದು, “ಇಲ್ಲೊಂದು, ಇಲ್ಲೊಂದು ಮೇಡಂ” ಎಂದು ಬೆರಳಿಟ್ಟು ತೋರಿಸುತ್ತಿದ್ದ. ಇಂದ್ರಮ್ಮ ಎಸ್ಸೆಸ್ಸೆಲ್ಸಿ ಪಾಸಾದವಳು. ಓದಿ ಸಹಿ ಹಾಕೋಣ ಎಂದು ಒಂದು ಸಲ ಪುಟ ಹಿಂದಕ್ಕೆ ತಿರುಗಿಸಿದಾಗ ಇಡೀ ಸಭೆ, ಮೊಸರನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ, ಬಾಯಾಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿತ್ತು.

ಚಲುವರಾಜುವಿಗೆ ಎಂಟು ಎಕರೆ ನಾಲೆ ನೀರಿನ ಗದ್ದೆ ಇತ್ತು, ಒಂದು ಜೀಪು ಇತ್ತು, ಒಂದು ಮೀಸೆ ಇತ್ತು. ಗದ್ದೆ ಅಪ್ಪನದು, ಜೀಪು ಮಾವ ಕೊಟ್ಟದ್ದು. ಸ್ವಂತ ದುಡಿಮೆಯಿಂದ ಬೆಳೆಸಿದ್ದು ಮೀಸೆಯೊಂದೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅದಕ್ಕೆ ಹರಳೆಣ್ಣೆಯ ಬೇರೆ ಬಾಟಲಿ, ಬೇರೆ ಬಾಚಣಿಗೆ. ಮದ್ದೂರಿನಿಂದ ಮಳವಳ್ಳಿಯವರೆಗೆ ಯಾವ ಬೀಗರೂಟಕ್ಕೆ ಹೋದರೂ ‘ಮೀಸೆ ಚಲುವರಾಜಣ್ಣ ಬಂದ್ರು’ ಎಂದು ಜನ ಎಲೆಯ ಮುಂದೆ ಜಾಗ ಬಿಡುತ್ತಿದ್ದರು. ಹಿಂದೆಯೇ ಬರುತ್ತಿದ್ದ ಅಧ್ಯಕ್ಷೆ ಮುಂದಿನ ಪಂಕ್ತಿಗೆ ಕಾಯುತ್ತಿದ್ದಳು.

ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಮುಖ ತೊಳೆದು ಕನ್ನಡಿ ನೋಡಿದಾಗ ಇಂದ್ರಮ್ಮನ ಮೇಲ್ದುಟಿಯ ಮೇಲೆ ಮೂರು ಕೂದಲು ಕಂಡವು. ನಲವತ್ತೆಂಟು ವರ್ಷದ ಹೆಂಗಸಿಗೆ ಮೂರು ಕೂದಲು ಬಂದರೆ ಅದೇನು ಸುದ್ದಿಯಲ್ಲ. ಕಿತ್ತು ಎಸೆದಳು. ಸಂಜೆ ಹಾಲು ಕರೆದು ಬರುವಷ್ಟರಲ್ಲಿ ಮೂರಿದ್ದ ಜಾಗದಲ್ಲಿ ಮೂವತ್ತು ನಿಂತಿದ್ದವು.

ಮಗಳು ವೀಣ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದಳು. ರಜ ಹಾಕಿ, ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮದ್ದೂರಿನ ಬ್ಯೂಟಿ ಪಾರ್ಲರಿಗೆ ಕರೆದೊಯ್ದಳು. ಅಂಗಡಿಯ ದೀಪಿಕ ದಾರ ಹಲ್ಲಲ್ಲಿ ಕಚ್ಚಿ, ಅರ್ಧ ಗಂಟೆ ಎಳೆದು, ಕೊನೆಗೆ ದಾರ ಕಿತ್ತುಹೋದಾಗ ಬೆವರು ಒರೆಸಿಕೊಂಡು ಹೇಳಿದಳು: “ಆಂಟಿ, ತಪ್ಪು ತಿಳ್ಕೋಬೇಡಿ. ಇದು ಹೆಂಗಸರ ಕೂದಲಲ್ಲ. ಬೇರು ಬುಡೋದೇ ಇಲ್ಲ ಅಂತದೆ.” ಮಂಡ್ಯದ ಡಾಕ್ಟರು ರಕ್ತ ತೆಗೆಸಿದರು, ಸ್ಕ್ಯಾನು ಮಾಡಿಸಿದರು, ರಿಪೋರ್ಟು ಎರಡು ಸಲ ಓದಿದರು. “ಎಲ್ಲಾ ನಾರ್ಮಲ್ ಅಮ್ಮ. ಹೆಣ್ಣಿನ ದೇಹಕ್ಕೆ ಏನೇನಿರಬೇಕೋ ಎಲ್ಲಾ ಸರಿಯಾಗಿದೆ,” ಎಂದರು. ಮೀಸೆಯ ಕಡೆ ನೋಡದೆ ಹೇಳಿದರು.

ಹತ್ತು ದಿನದಲ್ಲಿ ಅದು ಪೂರ್ತಿ ಬೆಳೆಯಿತು. ಸುಮ್ಮನೆ ಯಾವುದೋ ಮೀಸೆಯಲ್ಲ. ಎರಡೂ ತುದಿ ಮೇಲಕ್ಕೆ ಹುರಿಗೊಂಡು, ಮಧ್ಯೆ ಗೆರೆ ಬಿಟ್ಟು, ಎಣ್ಣೆ ಹಚ್ಚದೆಯೂ ಮಿರಮಿರ ಮಿಂಚುವ ಮೀಸೆ. ಅದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಇಂದ್ರಮ್ಮನಿಗೆ ಅನ್ನಿಸುತ್ತಲೇ ಇತ್ತು. ಒಂದು ಬೆಳಿಗ್ಗೆ ಗಂಡನ ಕಾಫಿ ಲೋಟ ತೊಳೆಯುವಾಗ ತಳದಲ್ಲಿ ಉದ್ದನೆಯ ಕೂದಲುಗಳು ಕಂಡವು. ಎತ್ತಿ ನೋಡಿದಳು. ಎತ್ತಿದ ಕೈಯನ್ನು ತನ್ನ ತುಟಿಯ ಹತ್ತಿರ ಹಿಡಿದು ನೋಡಿದಳು.

ಹೌದು. ಇವಳಿಗೆ ಬರುತ್ತಿದ್ದಂತೆ ಅವನಿಗೆ ಉದುರುತ್ತಿತ್ತು.

ಚಲುವರಾಜು ಮೊದಮೊದಲು ಯಾರಿಗೂ ಹೇಳಲಿಲ್ಲ. ಉದುರಿದ್ದನ್ನು ಬಾಚಣಿಗೆಯಿಂದ ಬಿಡಿಸಿ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟ. ಹರಳೆಣ್ಣೆ ಬಿಟ್ಟು ಈರುಳ್ಳಿ ರಸ ಹಚ್ಚಿದ, ಅದನ್ನು ಬಿಟ್ಟು ಮೊಟ್ಟೆ ಹಚ್ಚಿದ. ನೊಣ ಮುತ್ತಿದವೇ ಹೊರತು ಕೂದಲು ನಿಲ್ಲಲಿಲ್ಲ. ಕೊನೆಗೆ ಮೇಲ್ದುಟಿ ಸುಲಿದ ಮೊಟ್ಟೆಯ ಹಾಗೆ ಬೆಳ್ಳಗೆ ನುಣ್ಣಗಾದಾಗ, ಮೂವತ್ತು ವರ್ಷದಿಂದ ಬಿಸಿಲು ಕಾಣದ ಆ ಜಾಗ ಅವನಿಗೇ ಅಪರಿಚಿತವಾಗಿ ಕಂಡಿತು. ಮುಖದ ಮೇಲೆ ಟವೆಲು ಹಾಕಿಕೊಂಡು ಮಂಚದ ಮೇಲೆ ಮಲಗಿಬಿಟ್ಟ. ಕೇಳಿದವರಿಗೆ ಹಲ್ಲುನೋವು.

“ಅಲ್ಲ ಕಣೆ,” ಟವೆಲಿನೊಳಗಿಂದ ಕೇಳಿದ, “ನನ್ ಮೀಸೆ ನೀನ್ಯಾಕೆ ಎತ್ಕೊಂಡೆ?”

“ನಾನೆಲ್ ಎತ್ಕೊಂಡೆ? ನಂಗೇನ್ ಆಸೆಯಾ? ಬಾ, ಎಂಗ್ ಬಂತೋ ಅಂಗೇ ಕಿತ್ಕೊಂಡೋಗು,” ಎಂದಳು ಇಂದ್ರಮ್ಮ. ಅವನು ನಿಜವಾಗಿಯೂ ಎದ್ದು ಕೂತು ಎಳೆದು ನೋಡಿದ. ಅವಳ ಕಣ್ಣಲ್ಲಿ ನೀರು ಬಂತೇ ಹೊರತು ಒಂದು ಎಳೆಯೂ ಕದಲಲಿಲ್ಲ.

ಸಾಮಾನ್ಯ ಸಭೆಯ ದಿನ ಬಂತು. ನೋಟಿಸು ಹಂಚಿಯಾಗಿತ್ತು. ಚಲುವರಾಜು ಮಂಚ ಬಿಟ್ಟು ಏಳಲಿಲ್ಲ. ಇಂದ್ರಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಒಬ್ಬಳೇ ಹೋಗಿ ಸ್ಟೂಲಿನ ಮೇಲೆ ಕೂತಳು. ಹದಿಮೂರು ಜನ ಸದಸ್ಯರಲ್ಲಿ ಏಳು ಜನ ಹೆಂಗಸರು. ಬಂದಿದ್ದವರು ಅವರ ಗಂಡಂದಿರು, ಮೈದುನಂದಿರು, ಒಬ್ಬಳ ಪರವಾಗಿ ಅವಳ ಅಳಿಯ. ಹೆಂಗಸರ ಪೈಕಿ ತಾನೇ ಬಂದು ತಾನೇ ಮಾತಾಡುತ್ತಿದ್ದವಳು ಉಪಾಧ್ಯಕ್ಷೆ ಅರುಂಧತಿ ಒಬ್ಬಳು. ಕೆಳಗಲ ಬೀದಿಯ ಅಂಕಯ್ಯನ ಮಗಳು, ಎಂಎ ಬಿಎಡ್, ಮದ್ದೂರಿನ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುವವಳು. ಅವಳು ಮಾತಾಡುವಾಗ ಗಂಡಸರು ಫೋನು ನೋಡಿಕೊಳ್ಳುವುದು ವಾಡಿಕೆ.

ಮಾಜಿ ಅಧ್ಯಕ್ಷ ಜವರಯ್ಯ ಕಾಲ ಮೇಲೆ ಕಾಲು ಹಾಕಿಕೊಂಡು ಬೀದಿದೀಪದ ವಿಷಯ ಶುರುಮಾಡಿದ್ದ. ಆಗ ಕರೆಂಟು ಬಂತು. ಫ್ಯಾನು ತಿರುಗಿತು. ಇಂದ್ರಮ್ಮನ ಸೆರಗು ಹಾರಿ ಹೆಗಲ ಮೇಲೆ ಬಿತ್ತು.

ಯಾರೂ ನಗಲಿಲ್ಲ. ಇಂದ್ರಮ್ಮನಿಗೆ ಇಂದಿಗೂ ಆಶ್ಚರ್ಯವಾಗುವುದು ಅದೇ. ನಗುತ್ತಾರೆ, ಎದ್ದು ಓಡಿಹೋಗಬೇಕು ಎಂದು ಅವಳು ಚಪ್ಪಲಿಗೆ ಕಾಲು ಹಾಕಿಕೊಂಡಿದ್ದಳು. ಆದರೆ ಜವರಯ್ಯನ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. ಒಬ್ಬ ಎದ್ದ. ಅವನನ್ನು ನೋಡಿ ಇನ್ನೊಬ್ಬ. ಅರ್ಧ ನಿಮಿಷದಲ್ಲಿ ಇಡೀ ಸಭೆ ಎದ್ದು ನಿಂತಿತ್ತು. ರಾಜೇಂದ್ರ ಟೇಬಲ್ಲಿಗೆ ಮಂಡಿ ಹೊಡೆಸಿಕೊಂಡು ಓಡಿಬಂದು, “ಬನ್ನಿ ಸಾ... ಮೇಡಂ... ಸಾ, ಮೇಲಕ್ ಬನ್ನಿ,” ಎಂದ.

ಇಂದ್ರಮ್ಮ ಕುರ್ಚಿಯಲ್ಲಿ ಕೂತಳು. ಎಡಗಡೆಯ ಸ್ಪ್ರಿಂಗು ಮುರಿದು ಚುಚ್ಚುತ್ತಿತ್ತು. ಇದಕ್ಕಾಗಿಯೇ ಇಷ್ಟು ಬಡಿದಾಟವೇ ಎನ್ನಿಸಿತು.

“ಬೀದಿ ದೀಪ ಯಾಕ್ ಉರೀತಿಲ್ಲ?” ಎಂದಳು. ಅದೇ ಪ್ರಶ್ನೆಯನ್ನು ಆರು ತಿಂಗಳ ಹಿಂದೆ ಸ್ಟೂಲಿನಿಂದ ಕೇಳಿದ್ದಳು. ಆಗ ಯಾರೋ “ಕರೆಂಟ್ ಇಲ್ದಿದ್ರೆ ಉರೀತದಾ ಅಕ್ಕ” ಎಂದಿದ್ದರು. ಈಗ ರಾಜೇಂದ್ರ ಎರಡು ಕೈಯಲ್ಲಿ ಫೈಲು ತಂದಿಟ್ಟ. ಗುರುವಾರದ ಹೊತ್ತಿಗೆ ಇಪ್ಪತ್ತೆರಡು ದೀಪ ಉರಿದವು.

ಊರು ಮೂರು ದಿನ ಮಾತಾಡಿತು. ದೇವಿರಮ್ಮನ ಹೋಟೆಲಿನ ಮುಂದೆ, ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ. ಮಾಟ ಎಂದರು, ಊಟದ ದೋಷ ಎಂದರು, ಎಣ್ಣೆ ಬದಲಾಯಿತು ಎಂದರು. ನಾಲ್ಕನೆಯ ದಿನಕ್ಕೆ ಎಲ್ಲರಿಗೂ ಅಭ್ಯಾಸವಾಯಿತು. ಹೆಂಗಸೊಬ್ಬಳಿಗೆ ಮೀಸೆ ಬಂದದ್ದನ್ನು ಊರು ಎಷ್ಟು ಬೇಗ ಒಪ್ಪಿಕೊಂಡಿತೋ, ಮೀಸೆಯಿಲ್ಲದ ಹೆಂಗಸು ಪುಟ ತಿರುಗಿಸಿದ್ದನ್ನು ಅಷ್ಟು ಬೇಗ ಒಪ್ಪಿಕೊಂಡಿರಲಿಲ್ಲ. ಹಾದಿಯಲ್ಲಿ ಕಂಡ ಹುಡುಗರು ಬೈಕು ನಿಲ್ಲಿಸಿ ನಮಸ್ಕಾರ ಹೇಳಿದರು. ಬಸ್ಸಿನಲ್ಲಿ ಸೀಟು ಸಿಕ್ಕಿತು; ಅದೂ ಹೆಂಗಸರ ಸೀಟಲ್ಲ, ಡ್ರೈವರ್ ಹಿಂದಿನದು.

ಇಷ್ಟರವರೆಗೆ ಇಂದ್ರಮ್ಮನ ತಪ್ಪೇನೂ ಇರಲಿಲ್ಲ. ಆಮೇಲೆ ಅವಳು ಮೀಸೆ ತಿರುವಲು ಕಲಿತಳು.

ಮೊದಲು ತನಗರಿವಿಲ್ಲದೆ ಬೆರಳು ಅಲ್ಲಿಗೆ ಹೋಗುತ್ತಿತ್ತು. ಆಮೇಲೆ ಮಾತಿಗೆ ಮುಂಚೆ ಹೋಗತೊಡಗಿತು, ಕೊನೆಗೆ ಮಾತಿನ ಬದಲಿಗೆ. ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತಳು. ರಾಜೇಂದ್ರನನ್ನು “ಏನ್ಲಾ” ಎಂದಳು. ಮನೆಗೆ ಬಂದರೆ ಹೊಸಿಲ ಮೇಲಿಂದಲೇ “ಕಾಫಿ” ಎನ್ನುತ್ತಿದ್ದಳು. ಚಲುವರಾಜು ಟವೆಲು ಸರಿಪಡಿಸಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದ. ಮೊದಲ ವಾರದ ಕಾಫಿ ಕುಡಿಯುವ ಹಾಗಿರಲಿಲ್ಲ. “ಇಪ್ಪತ್ತೇಳ್ ವರ್ಸ ಕುಡ್ದಿದೀಯ, ಎಂಗ್ ಮಾಡ್ಬೇಕು ಅಂತ ಗೊತ್ತಾಗ್ನಿಲ್ವಾ?” ಎಂದು ಲೋಟ ಕುಕ್ಕಿದಳು. ಈ ಮಾತನ್ನು ತಾನು ಎಲ್ಲೋ ಕೇಳಿದ್ದೇನೆ ಅನ್ನಿಸಿತಾದರೂ ಎಲ್ಲಿ ಎಂದು ಯೋಚಿಸುವಷ್ಟು ಪುರುಸೊತ್ತು ಅಧ್ಯಕ್ಷರಿಗೆ ಇರಲಿಲ್ಲ.

ಮುಂದಿನ ಸಭೆಯಲ್ಲಿ ಅರುಂಧತಿ ಎದ್ದು ನಿಂತು ಕೆಳಗಲ ಬೀದಿಯ ನೀರಿನ ವಿಷಯ ಎತ್ತಿದಳು. ನಲವತ್ತೆರಡು ಮನೆ. ಟ್ಯಾಂಕಿಗೂ ಆ ಬೀದಿಗೂ ಇನ್ನೂರು ಗಜ. ಆದರೆ ಪೈಪು ಜವರಯ್ಯನ ತೆಂಗಿನ ತೋಟದ ಬೇಲಿಗೆ ಬಂದು ನಿಂತುಹೋಗಿತ್ತು, ಆರು ವರ್ಷದಿಂದ. ಕುಡಿಯುವ ನೀರು ತೆಂಗಿನ ಸಸಿ ಕುಡಿಯುತ್ತಿತ್ತು. ಅರುಂಧತಿ ಅಳತೆ, ಅಂದಾಜು, ಹಿಂದಿನ ಅರ್ಜಿಗಳ ತಾರೀಖು ಎಲ್ಲವನ್ನೂ ಓದುತ್ತಿದ್ದಳು. ಜವರಯ್ಯ ಇಂದ್ರಮ್ಮನ ಕಡೆ ಬಾಗಿ, “ಊಟದ್ ಹೊತ್ತಾಯ್ತು ಅಲ್ವಾ ಗೌಡ್ರೇ” ಎಂದ. ಗೌಡ್ರೇ ಎಂದದ್ದು ಕಿವಿಗೆ ಹಿತವಾಗಿತ್ತು.

ಇಂದ್ರಮ್ಮ ಟೇಬಲ್ ಗುದ್ದಿದಳು. “ಸಾಕು ಕೂತ್ಕಳಮ್ಮ. ಎಂಗಸ್ರು ಬಾಯ್ ಬುಟ್ರೆ ಮುಚ್ಚಕೇ ಇಲ್ಲ.”

ಗಂಡಸರು ಗೊಳ್ಳೆಂದು ನಕ್ಕರು. ನಗು ಮುಗಿಯುವ ಹೊತ್ತಿಗೆ ತನ್ನ ಬಾಯಿಂದ ಬಂದದ್ದೇನು ಎಂಬುದು ಇಂದ್ರಮ್ಮನ ಕಿವಿಗೆ ಬಿದ್ದಿತ್ತು. ಅರುಂಧತಿ ಕಾಗದಗಳನ್ನು ಅವಸರವಿಲ್ಲದೆ ಜೋಡಿಸಿದಳು.

“ಮೇಡಂ,” ಎಂದಳು, “ನಿಮಗೆ ಮೀಸೆ ಬಂತು, ಇವರು ಕಿವಿಗೊಟ್ಟರು. ಒಳ್ಳೇದಾಯ್ತು. ನಮ್ಮ ಬೀದಿಯವರಿಗೆ ಏನು ಬಂದರೆ ಕೇಳ್ತೀರ ಅಂತ ಒಂದ್ಸಲ ಹೇಳಿಬಿಡಿ. ಬರಿಸಿಕೊಳ್ಳೋಕೆ ಪ್ರಯತ್ನ ಮಾಡ್ತೀವಿ.”

ಹೊರಗೆ ನಡೆದಳು.

ಮೂರು ದಿನ ಇಂದ್ರಮ್ಮನಿಗೆ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಕೆಳಗಲ ಬೀದಿಗೆ ನಡೆದಳು. ಹುಟ್ಟಿದ್ದು ಪಕ್ಕದ ಊರಲ್ಲಿ, ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ. ಓಟು ಕೇಳಲು ಬಿಟ್ಟರೆ ಆ ಬೀದಿಗೆ ಕಾಲಿಟ್ಟಿರಲಿಲ್ಲ. ಆಗಲೂ ಕೈ ಮುಗಿದಿದ್ದು ಅವಳು, ಮಾತಾಡಿದ್ದು ಗಂಡ. ಅರುಂಧತಿಯ ಮನೆಯ ಜಗಲಿಯಲ್ಲಿ ಅಂಕಯ್ಯ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ, ನುಣ್ಣಗೆ ಕ್ಷೌರ ಮಾಡಿದ ಮುಖ. ಹಿಂದಿನ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ.

“ಎದ್ ನಿಂತ್ಕಳಕಿಲ್ಲ ಕಣವ್ವ, ಬ್ಯಾಸರ ಮಾಡ್ಕಬ್ಯಾಡ. ಮಂಡಿ ನೋವು,” ಎಂದ. ನೋವಿದ್ದವನ ಹಾಗೆ ಕಾಣಲಿಲ್ಲ. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಹತ್ತಿರ ಕರೆದು, ಮೀಸೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ.

“ಇದು ಚಲುವರಾಜಪ್ಪಂದಲ್ಲ.”

“ಅವರ್ದೇ ಕಣಯ್ಯ. ಅವರ್ಗ್ ಉದುರ್ತು, ನಂಗ್ ಬಂತು.”

“ಅವರಪ್ಪಂದು. ನಾನು ತೀರ ಅತ್ರದಿಂದ ನೋಡಿವ್ನಿ.”

ಅಂಕಯ್ಯ ಹೇಳಿದ್ದು ಇಷ್ಟು. ಅವನ ಮದುವೆಯ ವರ್ಷ, ಇಪ್ಪತ್ತೆರಡರ ವಯಸ್ಸಿನಲ್ಲಿ, ಮಂಡ್ಯದಲ್ಲಿ ಕಂಡ ಪೊಲೀಸಿನವನೊಬ್ಬನ ಹಾಗೆ ಮೀಸೆ ಬಿಟ್ಟಿದ್ದ. ಚಲುವರಾಜುವಿನ ಅಪ್ಪ ಅರಳಿಕಟ್ಟೆಯ ಮೇಲೆ ಕೂತು ಅವನನ್ನು ಕರೆಸಿದರು. ಇಬ್ಬರು ಹಿಡಿದುಕೊಂಡರು. ಕ್ಷೌರದವನ ಕೈಯಲ್ಲಿ ಎಡಗಡೆಯ ಮೀಸೆಯನ್ನು ಮಾತ್ರ ಬೋಳಿಸಿದರು. ಬಲಗಡೆಯದನ್ನು ಒಂದು ವಾರ ಹಾಗೇ ಬಿಟ್ಟು ಓಡಾಡಬೇಕು ಎಂದು ಅಪ್ಪಣೆಯಾಯಿತು. ಬೋಳಿಸುವಾಗ ಗೌಡರು ಬಾಗಿ ನೋಡುತ್ತಿದ್ದರು. ಅವರ ಮೀಸೆಯ ತುದಿ ಇವನ ಕೆನ್ನೆಗೆ ತಾಕುತ್ತಿತ್ತು.

“ಹರಳೆಣ್ಣೆ ವಾಸ್ನೆ,” ಎಂದ ಅಂಕಯ್ಯ. “ಅದು ಮಾತ್ರ ಮರ್ತೋಗಾಕಿಲ್ಲ.”

ಇಂದ್ರಮ್ಮ ಸೆರಗಿನಿಂದ ಮೀಸೆ ಮುಚ್ಚಿಕೊಂಡಳು. “ತಗುಸ್ಬುಡ್ತೀನಿ ಕಣಯ್ಯ. ಕತ್ರಿ ತತ್ತೀನಿ, ನೀವೇ ಕತ್ರುಸ್ಬುಡಿ,” ಎಂದಳು.

ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. “ನಂಗ್ಯಾಕವ್ವ ಆ ಕೆಲ್ಸ? ಅದು ಕ್ಷೌರ್ದೋರ್ದು. ನೀನು ಕ್ಷಮೆ ಕೇಳಾಕ್ ಬಂದಿದ್ರೆ ನನ್ ಮಗಳ್ನ ಕೇಳು, ಒಳಗವ್ಳೆ. ಮೀಸೆ ಇರ್ಲಿ ಬುಡು. ಅದ್ರಿಂದ ನೀರು ಬತ್ತದೆ ಅಂದ್ರೆ ನಾನ್ಯಾಕ್ ಬ್ಯಾಡ ಅನ್ಲಿ.”

ಅರುಂಧತಿ ಒಳಗಿನಿಂದ ಬಂದಳು. ಇಂದ್ರಮ್ಮ ಕ್ಷಮೆ ಕೇಳಿದಳು. ಅವಳು “ಆಯ್ತು” ಎಂದಳು, “ಪರವಾಗಿಲ್ಲ” ಎನ್ನಲಿಲ್ಲ. ಟೀ ಕೊಟ್ಟಳು. ಇಂದ್ರಮ್ಮ ಲೋಟ ಹಿಡಿದು ಒಂದು ಕ್ಷಣ ನಿಂತದ್ದನ್ನು ತಂದೆ ಮಗಳು ಇಬ್ಬರೂ ಗಮನಿಸಿದರು. ಕುಡಿದಳು. ಆಮೇಲೆ ಇಬ್ಬರು ಹೆಂಗಸರು ನೆಲದ ಮೇಲೆ ನಕ್ಷೆ ಹಾಸಿಕೊಂಡು ಕೂತರು.

ಮುಂದಿನ ಸಭೆಯಲ್ಲಿ ನಿರ್ಣಯ ಐದು ನಿಮಿಷದಲ್ಲಿ ಪಾಸಾಯಿತು. ಓದಿದವಳು ಅರುಂಧತಿ, ಮೀಸೆ ತಿರುವಿದವಳು ಇಂದ್ರಮ್ಮ. ಪೈಪು ಜವರಯ್ಯನ ಬೇಲಿ ದಾಟಿ ಮುಂದಕ್ಕೆ ಹೋಗತಕ್ಕದ್ದು, ತೋಟದ ಕಡೆಯ ಕವಲು ಮುಚ್ಚತಕ್ಕದ್ದು ಎಂದು ಬರೆದಾಯಿತು. ಜವರಯ್ಯ ಸಹಿ ಹಾಕಿದ. ಹಾಕಿ ಹೊರಗೆ ಬಂದ ಮೇಲೆ ಅವನಿಗೆ ತಾನು ಮೀಸೆಗೆ ಹೆದರಿದ್ದೇನೆಂಬುದು ಗೊತ್ತಾಗಿ ಮೈ ಉರಿಯಿತು. ನೇರ ಚಲುವರಾಜುವಿನ ಮಂಚದ ಹತ್ತಿರ ಬಂದು ಟವೆಲು ಎಳೆದ.

“ಥೂ! ನೋಡಕಾಯ್ತದೇನ್ಲಾ ನಿನ್ ಮುಸುಡಿಯ? ಎಂಡ್ರು ಮೀಸೆ ತಿರುವ್ಕೊಂಡ್ ಊರ್ ಆಳ್ತಾವ್ಳೆ. ನೀನಿಲ್ಲಿ ಕಾಫಿ ಕಾಯಿಸ್ಕೊಂಡ್ ಕೂತಿದ್ದೀಯ.”

“ಏನ್ ಮಾಡ್ಲಣ್ಣ?”

“ಆ ಸೀಟು ಎಂಗಸ್ರುದ್ದು ಕಣ್ಲಾ. ಮೀಸೆ ಇರೋರ್ಗೆ ಅದ್ರಲ್ಲಿ ಕೂರಾಕೆ ಅಕ್ಕಿಲ್ಲ. ಬರಿ ಅರ್ಜಿ.”

ಬರೆದರು. ‘ಸದರಿ ಅಧ್ಯಕ್ಷರು ಹುರಿಮೀಸೆ ಹೊಂದಿದ್ದು, ಮಹಿಳೆ ಎಂಬ ಬಗ್ಗೆ ಅನುಮಾನವಿರುವುದರಿಂದ, ಮಹಿಳಾ ಮೀಸಲಾತಿಯ ಪಾವಿತ್ರ್ಯ ಕಾಪಾಡಬೇಕೆಂದು ಪ್ರಾರ್ಥನೆ.’ ಒಂದೂವರೆ ವರ್ಷ ಆ ಮೀಸಲಾತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು ‘ಪಾವಿತ್ರ್ಯ’ ಎಂಬ ಪದಕ್ಕೆ ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದ. ಕೆಳಗೆ ತನ್ನ ಕೈಯಾರೆ ಇನ್ನೊಂದು ಸಾಲು ಸೇರಿಸಿದ: ‘ಮೀಸೆ ನನ್ನದಾಗಿದ್ದು, ವಾಪಸ್ಸು ಕೊಡಿಸಬೇಕು.’

ವಿಚಾರಣೆಗೆ ಮಂಡ್ಯದಿಂದ ಒಬ್ಬ ಅಧಿಕಾರಿ ಬಂದರು. ಪಂಚಾಯ್ತಿ ಕಚೇರಿಯ ಕಿಟಕಿಗಳಲ್ಲಿ ಊರೇ ನೇತುಬಿದ್ದಿತ್ತು. ಅಧಿಕಾರಿ ಮೊದಲು ಸ್ಕೇಲು ತರಿಸಿ ಮೀಸೆಯ ಉದ್ದ ಅಳೆದರು. ಎಡಕ್ಕೆ ಒಂಬತ್ತೂವರೆ ಸೆಂಟಿಮೀಟರು, ಬಲಕ್ಕೆ ಹತ್ತು. ಬರೆದುಕೊಳ್ಳುವಾಗ ಅವರ ಕೈ ತಮ್ಮದೇ ಸಣ್ಣ ಮೀಸೆಯ ಕಡೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅರ್ಜಿದಾರನನ್ನು ಕರೆದರು.

“ಇವರು ಹೆಂಗಸಲ್ಲ ಅಂತೀರ?”

“ಹೂಂ ಸಾ. ಮೀಸೆ ನೋಡಿ ಸಾ.”

“ಮದುವೆಯಾಗಿ ಎಷ್ಟು ವರ್ಷ ಆಯ್ತು?”

“ಇಪ್ಪತ್ತೇಳು ಸಾ.”

“ಹಾಗಾದರೆ ಇಪ್ಪತ್ತೇಳು ವರ್ಷದಿಂದ ನೀವು ಗಂಡಸಿನ ಜೊತೆ ಸಂಸಾರ ಮಾಡ್ತಿದ್ದೀರಿ ಅಂತ ಬರ್ಕೊಳ್ಲಾ?”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಚಲುವರಾಜು ಟವೆಲಿನ ಒಳಗೆ ಬೆವತ. “ಇಲ್ಲ ಸಾ. ಆಗ ಎಂಗ್ಸೇ ಸಾ. ಈಗ...”

“ಈಗ ನಿಮಗೆ ಮೀಸೆ ಇಲ್ಲ, ಅವರಿಗೆ ಇದೆ. ನಿಮ್ಮ ಲೆಕ್ಕದಲ್ಲಿ ಈಗ ನೀವು?”

ಕಿಟಕಿಯಿಂದ ವೀಣ ಕೂಗಿ ಹೇಳಿದಳು: “ಸಾರ್, ಸಾಕ್ಷಿ ಬೇಕು ಅಂದ್ರೆ ನಾನಿದ್ದೀನಿ. ನನ್ನ ಹೆತ್ತಿದ್ದು ಯಾರು ಅಂತ ಅಪ್ಪನ್ನೇ ಕೇಳಿ. ಟವೆಲ್ ತೆಗೆದು ಹೇಳ್ಲಿ.”

ಅರ್ಧ ಗಂಟೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ನಗು ನಿಂತ ಮೇಲೆ ಇಂದ್ರಮ್ಮ ಎದ್ದಳು. ಮಾತು ಶುರುಮಾಡುವ ಮುಂಚೆ ಕೈ ತುಟಿಯ ಕಡೆ ಏರಿತು. ಅರ್ಧದಲ್ಲಿ ನಿಲ್ಲಿಸಿ ಟೇಬಲ್ಲಿನ ಮೇಲೆ ಇಟ್ಟಳು.

“ಸ್ವಾಮಿ, ಈ ಮೀಸೆ ನನ್ ಗಂಡಂದೇ. ನಾನು ಸುಳ್ ಹೇಳಾಕಿಲ್ಲ. ಒಂದೂವರೆ ವರ್ಸ ಇದು ಇದೇ ಕುರ್ಚಿ ಮೇಲೆ ಕೂತಿತ್ತು. ಇದರ ಹಿಂದೆ ಎಂಗ್ಸು ಇರ್ನಿಲ್ಲ. ಆಗ ಯಾರ್ಗೂ ಮೀಸಲಾತಿ ನೆಪ್ಪಾಗ್ನಿಲ್ಲ, ಯಾರೂ ಸ್ಕೇಲ್ ತರ್ನಿಲ್ಲ. ಈಗ ಅದೇ ಮೀಸೆ, ಅದೇ ಕುರ್ಚಿ. ಹಿಂದ್ಗಡೆ ಒಬ್ಳು ಎಂಗ್ಸು ಬಂದ್ಬುಟ್ಳು ನೋಡಿ, ಎಲ್ರಿಗೂ ಕಾನೂನು ಗೊತ್ತಾಗೋಯ್ತು. ಬರ್ಕಳಿ.”

ಅಧಿಕಾರಿ ಬರೆದುಕೊಂಡರು. ಏನು ಬರೆದುಕೊಂಡರೋ, ತಿಂಗಳ ಮೇಲೆ ಬಂದ ಕಾಗದದಲ್ಲಿ ‘ವಿಷಯವು ಪರಿಶೀಲನೆಯಲ್ಲಿರುತ್ತದೆ’ ಎಂದಿತ್ತು. ಅದು ಇಂದಿಗೂ ಪರಿಶೀಲನೆಯಲ್ಲಿದೆ.

ಪೈಪಿಗೆ ಗುಂಡಿ ತೋಡುವ ಕೆಲಸ ಶುರುವಾಯಿತು. ಗುತ್ತಿಗೆದಾರ ಪುನೀತ್ ಮಳವಳ್ಳಿ ಕಡೆಯವನು, ಚುರುಕಿನ ಮನುಷ್ಯ. ಅಧ್ಯಕ್ಷರು ಬಂದು ನಿಂತರೆ ಬಾಯಿಂದ ಗುಟ್ಕಾ ಉಗಿದು ಮಾತಾಡುತ್ತಿದ್ದ. ನೂರು ಗಜ ತೋಡಿಯಾಗಿತ್ತು. ಕಾರ್ತೀಕದ ಒಂದು ಸೋಮವಾರ ಇಂದ್ರಮ್ಮ ಮುಖ ಒರೆಸಿಕೊಂಡಾಗ ಮೀಸೆ ಟವೆಲಿನ ಜೊತೆ ಬಂದುಬಿಟ್ಟಿತು. ಒಂದೇ ಸಲ, ಇಡಿಯಾಗಿ, ಸತ್ತ ಕಂಬಳಿಹುಳದ ಹಾಗೆ. ನೋವಾಗಲಿಲ್ಲ. ಚಲುವರಾಜು ಅದನ್ನು ಕಂಡು ಓಡಿಬಂದು ಎತ್ತಿ ತನ್ನ ತುಟಿಯ ಮೇಲೆ ಒತ್ತಿ ಹಿಡಿದ. ಕೈ ತೆಗೆದಾಗ ಬಿತ್ತು. ಮತ್ತೆ ಒತ್ತಿದ. ಬೆಲ್ಲದ ಪಾಕ ಹಚ್ಚಿ ಒತ್ತಿದ. ಇರುವೆ ಬಂದವು.

ಆ ದಿನ ಇಂದ್ರಮ್ಮ ಗುಂಡಿಯ ಹತ್ತಿರ ಹೋದಾಗ ಪುನೀತ್ ಉಗಿಯಲಿಲ್ಲ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ, “ಯಜಮಾನ್ರು ಬರ್ಲಿಲ್ವಾ?” ಎಂದ. ಮಾರನೆಯ ದಿನ ಜೆಸಿಬಿ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸಭೆಯಲ್ಲಿ ಯಾರೂ ಏಳಲಿಲ್ಲ. ಜವರಯ್ಯ ಕಾಲ ಮೇಲೆ ಕಾಲು ಹಾಕಿ, ನಿರ್ಣಯವನ್ನು ಮರುಪರಿಶೀಲಿಸಬೇಕೆಂದ. ಮೀಸೆಯಿದ್ದಾಗ ಐದು ನಿಮಿಷ ಹಿಡಿದದ್ದಕ್ಕೆ ಈಗ ಮೂರೂವರೆ ಗಂಟೆ ಹಿಡಿಯಿತು. ಇಂದ್ರಮ್ಮ ಮಾತಾಡಿದಳು, ಅವರು ನಡುವೆ ಬಾಯಿ ಹಾಕಿದರು, ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಗಂಡಂದಿರು, ಮೈದುನಂದಿರು, ಅಳಿಯ ಕೈ ಎತ್ತಿದರೆ ಅದು ಓಟಲ್ಲ, ಸದಸ್ಯೆಯರೇ ಬರಬೇಕು ಎಂದು ಅರುಂಧತಿ ನಿಯಮ ಓದಿದಳು. ವೀಣ ಸ್ಕೂಟರಿನಲ್ಲಿ ಮನೆಮನೆಗೆ ಹೋದಳು. ಒಬ್ಬಳು ಹಿಟ್ಟಿನ ಕೈಯಲ್ಲೇ ಬಂದಳು. ಚಿಕ್ಕಬೋರಮ್ಮ ಎಂಬ ಮುದುಕಿ ಸದಸ್ಯೆಗೆ ತಾನು ಸದಸ್ಯೆ ಎಂಬುದನ್ನೇ ಮೊದಲು ನಂಬಿಸಬೇಕಾಯಿತು. ಏಳು ಕೈ ಪೈಪಿನ ಕಡೆ, ಆರು ಜವರಯ್ಯನ ಕಡೆ. ಇಂದ್ರಮ್ಮನ ಗಂಟಲು ಕಟ್ಟಿಹೋಗಿ ಎರಡು ದಿನ ಸನ್ನೆಯಲ್ಲೇ ಮಾತಾಡಿದಳು.

ಆಮೇಲೆ ಅವಳು ಗುಂಡಿಯ ದಂಡೆಯ ಮೇಲೆ ಗೋಣಿಚೀಲ ಹಾಕಿ ಕೂತಳು. ಜೆಸಿಬಿ ಬರುವವರೆಗೆ ಐದು ದಿನ, ಬಂದ ಮೇಲೆ ಆರು ದಿನ. ಎಂಟನೆಯ ದಿನ ಚಲುವರಾಜು ಟವೆಲು ಇಲ್ಲದೆ ಬಂದ. “ಜನ ನಗ್ತಾವ್ರೆ ಕಣೆ, ಮನೀಗ್ ನಡಿ,” ಎಂದ. “ನಿನ್ನ ನೋಡೋ, ನನ್ನ ನೋಡೋ?” ಎಂದು ಕೇಳಿ, ಅವಳು ಅಳತೆ ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. “ಇಡ್ಕ, ಸಡಿಲ ಬುಡಬ್ಯಾಡ.” ಅವನು ಸುತ್ತ ನೋಡಿದ. ಹಿಡಿದುಕೊಂಡ.

ಪೈಪು ಕೆಳಗಲ ಬೀದಿಯ ಬಾಯಿಗೆ ಬಂದ ದಿನ ಇಂದ್ರಮ್ಮನಿಗೂ ಅರುಂಧತಿಗೂ ಜಗಳ ಹತ್ತಿತು. ಮೊದಲ ನಲ್ಲಿ ಬೀದಿಯ ಮೊದಲ ಮನೆಗೆ ಹಾಕೋಣ, ಬೇಗ ನೀರು ಕಾಣುತ್ತದೆ, ಜನಕ್ಕೆ ಧೈರ್ಯ ಬರುತ್ತದೆ ಎಂದು ಇಂದ್ರಮ್ಮ. ಮೊದಲು ಕೊನೆಯ ಮನೆಗೆ ಎಳೆಯಬೇಕು, ಮೊದಲ ಮನೆಯಲ್ಲಿ ನಿಲ್ಲಿಸಿದ್ದೆಲ್ಲ ಈ ಊರಲ್ಲಿ ಅಲ್ಲೇ ನಿಲ್ಲುತ್ತದೆ ಎಂದು ಅರುಂಧತಿ. “ನಿಂಗೇನ್ ಗೊತ್ತು ಪೈಪಿನ್ ವಿಸ್ಯ?” ಎಂದಳು ಇವಳು. “ನಿಮಗೆ ಈ ಬೀದಿ ಬಗ್ಗೆ ಏನು ಗೊತ್ತು?” ಎಂದಳು ಅವಳು. ಬೀದಿಯ ನಡುವೆ ಸೆರಗು ಸಿಕ್ಕಿಸಿಕೊಂಡು ಇಬ್ಬರೂ ದನಿ ಏರಿಸಿದರು. ಅಂಕಯ್ಯ ಜಗಲಿಯಿಂದ ಕೊನೆಯ ಮನೆಯ ಪರ ಎಂದ. ಅವನ ಮನೆ ಮಧ್ಯದಲ್ಲಿತ್ತು. ಪುನೀತ್ ಯಾರ ಮಾತು ಕೇಳಬೇಕೆಂದು ತಿಳಿಯದೆ ಚಲುವರಾಜುವಿನ ಕಡೆ ನೋಡಿದ. ಚಲುವರಾಜು ಟೇಪು ಹಿಡಿದುಕೊಂಡು, “ನನ್ನೇನ್ ಕೇಳ್ತೀಯ, ಅವರ್ನೇ ಕೇಳು,” ಎಂದ.

ಪುನೀತ್ ಬಾಯಲ್ಲಿದ್ದ ಗುಟ್ಕಾ ಉಗಿದು, ಪೈಪಿನ ಮೇಲೆ ಕೂತು ಕಾದ.